ಮೊಮ್ಮಗಳ ಕಿಡ್ನಿ ಮತ್ತು ಮಳೆ ಅಳೆಯುವ ಗಾಜು

ಬಣಕಲ್ಲಿನಿಂದ ಮೂರು ಮೈಲಿ ಒಳಗಿರುವ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಮೂವತ್ತೆಂಟು ವರ್ಷ ರೈಟರಾಗಿದ್ದೆ. ಹಾಗೆಂದರೆ ಹಾಜರಿ ಬರೆಯುವವನು, ಗೊಬ್ಬರದ ಚೀಲ ಎಣಿಸುವವನು, ಸಾಹುಕಾರರಿಗೂ ಆಳುಗಳಿಗೂ ನಡುವೆ ನಿಂತು ಎರಡೂ ಕಡೆಯಿಂದ ಬೈಸಿಕೊಳ್ಳುವವನು. ಇಷ್ಟರಲ್ಲಿ ನಾನು ನಿಜವಾದ ಶ್ರದ್ಧೆಯಿಂದ ಮಾಡಿದ ಕೆಲಸ ಒಂದೇ, ಮಳೆ ಅಳೆಯುವುದು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕಣದ ಮೂಲೆಯ ರೈನ್‌ಗೇಜಿನ ಬಾಯಿ ತೆಗೆದು, ಒಳಗಿನ ನೀರನ್ನು ಗೆರೆ ಕೊರೆದ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಪುಸ್ತಕದಲ್ಲಿ ಇಂಚು ಸೆಂಟುಗಳಲ್ಲಿ ಬರೆಯಬೇಕು. ನೂರು ಸೆಂಟಿಗೆ ಒಂದು ಇಂಚು. ಒಂದು ಸೆಂಟೂ ತುಂಬದಷ್ಟು ಬಿದ್ದಿದ್ದರೆ ‘ಹನಿ’ ಎಂದು ಬರೆಯಬೇಕು. ಏನೂ ಇಲ್ಲದಿದ್ದರೆ ‘ನಿಲ್’. ನಿವೃತ್ತಿಯಾದ ಮೇಲೂ ಸಾಹುಕಾರರು ಕ್ವಾರ್ಟರ್ಸ್ ಬಿಡಿಸಲಿಲ್ಲ, ಮಳೆ ಪುಸ್ತಕವನ್ನೂ ಬಿಡಿಸಲಿಲ್ಲ. ಹೊಸ ರೈಟರು ಕಂಪ್ಯೂಟರ್ ಬಲ್ಲವನು, ಆದರೆ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿಯುವ ತಾಳ್ಮೆ ಇಲ್ಲದವನು.

ಇದನ್ನೆಲ್ಲ ಮೊದಲೇ ಹೇಳಿಕೊಂಡದ್ದಕ್ಕೆ ಕಾರಣವಿದೆ. ಮುಂದೆ ನಾನು ಮಾಡಿದ ಎರಡು ಕೆಲಸಗಳು, ಒಂದು ತಪ್ಪು, ಇನ್ನೊಂದು ಪೂರ್ತಿ ತಪ್ಪಲ್ಲದ್ದು, ಎರಡೂ ಹುಟ್ಟಿದ್ದು ಈ ಅಭ್ಯಾಸದಿಂದ.

ನನ್ನ ಮಗಳು, ಅವಳ ಗಂಡ, ಅವರ ಒಬ್ಬಳೇ ಮಗಳು ನಮ್ಮ ಜೊತೆಯಲ್ಲೇ ಇದ್ದಾರೆ. ಅಳಿಯ ಕಾಫಿ ಲಾರಿ ಓಡಿಸುತ್ತಾನೆ. ವಾರದಲ್ಲಿ ಎರಡು ದಿನ ಮನೆಯಲ್ಲಿ ಕಂಡರೆ ಹೆಚ್ಚು. ಮಗಳು ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಎಸ್ಟೇಟಿನ ಹೆಂಗಸರ ರವಿಕೆ ಹೊಲಿಯುತ್ತಾಳೆ. ಮೊಮ್ಮಗಳಿಗೆ ಏಳು ವರ್ಷ, ಬಣಕಲ್ಲಿನ ಶಾಲೆಯಲ್ಲಿ ಎರಡನೇ ಕ್ಲಾಸು. ಅವಳನ್ನು ಕರೆದುಕೊಂಡು ಹೋಗಿ ಬರುವ ಅಧಿಕಾರಿ ನಾನು.

ಈ ಮಗು ಹುಟ್ಟಿದಾಗಿನಿಂದ ಒದ್ದೆ. ಇದನ್ನು ಹೇಗೆ ಹೇಳಿದರೂ ಚೆನ್ನಾಗಿ ಕೇಳಿಸುವುದಿಲ್ಲವಾದ್ದರಿಂದ ನೇರವಾಗಿಯೇ ಬರೆಯುತ್ತೇನೆ. ಎಲ್ಲ ಮಕ್ಕಳ ಹಾಗೆ ಬಚ್ಚಲಿಗೆ ಹೋಗುತ್ತಾಳೆ, ಕೇಳಿ ಹೋಗುತ್ತಾಳೆ, ಹೊತ್ತಿಗೆ ಸರಿಯಾಗಿ ಹೋಗುತ್ತಾಳೆ. ಬಂದು ಕೂತ ಹತ್ತು ನಿಮಿಷಕ್ಕೆ ಚಡ್ಡಿ ಮತ್ತೆ ತೇವ. ಹರಿಯುವುದಿಲ್ಲ, ಒಂದೇ ಸಮನೆ ಜಿನುಗುತ್ತದೆ. ಮಗಳು ಹಳೆಯ ಪಂಚೆ ಹರಿದು ಮಡಿಸಿ ಬಟ್ಟೆ ಹೊಲಿದಿಟ್ಟಿದ್ದಳು. ಶಾಲೆಯ ಚೀಲದಲ್ಲಿ ಪುಸ್ತಕಕ್ಕಿಂತ ಬಟ್ಟೆಯೇ ಹೆಚ್ಚು. ಡಾಕ್ಟರುಗಳಿಗೆ ತೋರಿಸದೆ ಇರಲಿಲ್ಲ. ಒಬ್ಬರು ದೊಡ್ಡವಳಾದ ಮೇಲೆ ಸರಿಹೋಗುತ್ತದೆ ಎಂದರು. ಇನ್ನೊಬ್ಬರು ಹುಳದ ಔಷಧಿ ಕೊಟ್ಟರು. ಮತ್ತೊಬ್ಬರು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ, ಎರಡೂ ಕಿಡ್ನಿ ಇವೆ, ಹೆದರಬೇಡಿ, ಇದು ಬರೀ ಅಭ್ಯಾಸ ಎಂದರು. ಎರಡೂ ಕಿಡ್ನಿ ಇಲ್ಲ ಎಂದು ನಾವು ಯಾವಾಗ ಹೇಳಿದ್ದೆವು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆಸ್ಪತ್ರೆಯ ಬೆಂಚುಗಳ ಮೇಲೆ ಕೂತು ಕೂತು ಅಷ್ಟು ಹೊತ್ತಿಗೆ ಕೇಳುವ ಶಕ್ತಿಯೂ ಸವೆದಿತ್ತು.

ಶಾಲೆ ಬಿಟ್ಟಾಗ ಅವಳು ಯಾವತ್ತೂ ಕೊನೆಗೆ ಬರುತ್ತಿದ್ದಳು. ಗೇಟಿನ ಹತ್ತಿರ ನಿಂತ ನಾನು ಎಲ್ಲ ಮಕ್ಕಳೂ ಹೋಗಿ, ಟೀಚರೂ ಹೋಗಿ, ಕಸ ಗುಡಿಸುವವಳು ಬಾಗಿಲು ಹಾಕುವ ಹೊತ್ತಿಗೆ ಅವಳು ಚೀಲವನ್ನು ಹಿಂದೆ ಹಿಡಿದುಕೊಂಡು ನಿಧಾನಕ್ಕೆ ಬರುವುದನ್ನು ನೋಡುತ್ತಿದ್ದೆ. ಸೋಮಾರಿ ಎಂದುಕೊಂಡಿದ್ದೆ. ಮಳೆಗಾಲದಲ್ಲಿ ಮಾತ್ರ ಅವಳಿಗೆ ಎಲ್ಲಿಲ್ಲದ ಹುರುಪು. ನಾನು ಕೊಡೆ ಹಿಡಿದರೆ ಅದರ ಹೊರಗೆ ಓಡುತ್ತಿದ್ದಳು, ಬೇಕೆಂದೇ ತೊಯ್ದುಕೊಂಡು ಮನೆಗೆ ಬರುತ್ತಿದ್ದಳು. ಅದಕ್ಕೂ ಬೈದಿದ್ದೇನೆ. ಜೂನ್ ತಿಂಗಳಲ್ಲಿ ಬಣಕಲ್ಲಿನ ಎಲ್ಲ ಮಕ್ಕಳೂ ಒದ್ದೆ, ಆಗ ಯಾರೂ ಯಾರನ್ನೂ ಬೆರಳು ಮಾಡಿ ತೋರಿಸುವುದಿಲ್ಲ ಎಂಬ ಲೆಕ್ಕ ಏಳು ವರ್ಷದವಳಿಗೆ ಹೊಳೆದಿತ್ತು, ಅರವತ್ತೆಂಟರವನಿಗೆ ಹೊಳೆದಿರಲಿಲ್ಲ.

ಈಗ ನನ್ನ ತಪ್ಪು. ಹೋದ ದಸರಾ ರಜೆ ಮುಗಿದ ಮೇಲೆ ನಾನು ಒಂದು ಆದೇಶ ಹೊರಡಿಸಿದೆ. ಎಸ್ಟೇಟಿನಲ್ಲಿ ಸರ್ಕ್ಯುಲರ್ ಬರೆದ ಕೈ, ಬಾಯಲ್ಲಿ ಹೇಳಿ ಸುಮ್ಮನಿರಲು ಬರುವುದಿಲ್ಲ. ಬಿಳಿ ಹಾಳೆಯಲ್ಲಿ, ಕೆಂಪು ಗೆರೆ ಹಾಕಿ, ಈ ಮೂಲಕ ತಿಳಿಯಪಡಿಸುವುದೇನೆಂದರೆ ಎಂದು ಆರಂಭಿಸಿ, ಶಾಲೆಗೆ ನೀರಿನ ಬಾಟಲಿ ಒಯ್ಯಕೂಡದು, ಸಂಜೆ ನಾಲ್ಕರ ನಂತರ ನೀರು ಕೇಳಕೂಡದು, ಊಟದ ಜೊತೆ ಅರ್ಧ ಲೋಟ ಮಾತ್ರ ಎಂದು ಬರೆದು, ಸಹಿ ಹಾಕಿ, ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿದೆ. ಒಳಗೆ ಹೋಗುವುದು ಕಡಿಮೆಯಾದರೆ ಹೊರಗೆ ಬರುವುದೂ ಕಡಿಮೆಯಾಗುತ್ತದೆ ಎಂಬುದು ನನ್ನ ವಿಜ್ಞಾನ. ನನ್ನ ಹೆಂಡತಿ ಅದನ್ನು ಓದಿ, ಮಗೂನ ಏನು ನರ್ಸರಿ ಗಿಡ ಅಂದ್ಕೊಂಡ್ರಾ ಎಂದಳು. ನರ್ಸರಿ ಗಿಡಕ್ಕಾದರೆ ನಾನು ದಿನಕ್ಕೆ ಎರಡು ಸಲ ನೀರು ಹಾಕಿಸುತ್ತಿದ್ದೆ.

ಮಗು ಮಾತ್ರ ಆ ಆದೇಶವನ್ನು ಮೂವತ್ತೆಂಟು ವರ್ಷದಲ್ಲಿ ಯಾವ ಮೇಸ್ತ್ರಿಯೂ ಪಾಲಿಸದಷ್ಟು ಚೆನ್ನಾಗಿ ಪಾಲಿಸಿದಳು. ಬಟ್ಟೆ ಒದ್ದೆಯಾಗುವುದು ನಿಲ್ಲಲಿಲ್ಲ. ತುಟಿ ಒಡೆಯಿತು ಅಷ್ಟೆ.

ಬಣಕಲ್ಲಿನ ಒಬ್ಬ ಮೆಕ್ಯಾನಿಕ್ ನನಗೆ ಹಳೆಯ ಪರಿಚಯ. ಎಸ್ಟೇಟಿನಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರು, ಜೀಪು, ಸ್ಪ್ರೇ ಪಂಪು ಎಲ್ಲದರ ವೈದ್ಯ. ಬಾಡಿಗೆಗೆ ಒಂದು ವ್ಯಾನನ್ನೂ ಇಟ್ಟಿದ್ದಾನೆ. ಸಾಬರ ಪೈಕಿ, ನನಗಿಂತ ಹದಿನೈದು ವರ್ಷ ಚಿಕ್ಕವನು, ನನ್ನನ್ನು ರೈಟ್ರೇ ಎಂದೇ ಕರೆಯುವುದು. ಫೆಬ್ರವರಿಯಲ್ಲಿ ಒಂದು ದಿನ ನಾನು ಗೇಟಿನ ಬಳಿ ಕಾಯುವಾಗ ಅವನೂ ಬಂದು ನಿಂತ. ಮಗು ಚೀಲ ಹಿಂದೆ ಹಿಡಿದುಕೊಂಡು ಬರುವುದನ್ನು ನೋಡಿದ. ಏನೆಂದು ಕೇಳಿದ. ಹೇಳಿದೆ.

“ರೈಟ್ರೇ, ಟ್ಯಾಂಕಿ ಸರಿ ಇದ್ದು, ನಲ್ಲಿ ಸರಿ ಇದ್ದು, ಆದ್ರೂ ನೆಲ ಒದ್ದೆ ಅಂದ್ರೆ ಪೈಪು ನೋಡ್ಬೇಕು ಮಾರಾಯ್ರೆ,” ಎಂದ. “ನಲ್ಲಿಗೆ ಬೈದ್ರೆ ಏನ್ ಸಿಕ್ತದೆ?”

ಮಂಗಳೂರಿನಲ್ಲಿ ಮಕ್ಕಳ ಕಿಡ್ನಿಗೇ ಬೇರೆ ಡಾಕ್ಟರು ಇದ್ದಾರೆ, ಹೆಂಗಸು, ಅವನ ತಂಗಿಯ ಮಗುವಿಗೆ ಅವರೇ ಆಪರೇಷನ್ ಮಾಡಿದ್ದು ಎಂದು ತಿಳಿಯಿತು. ಮುಂದಿನ ವಾರ ಅವನ ವ್ಯಾನಿನಲ್ಲಿ ಚಾರ್ಮಾಡಿ ಘಾಟಿ ಇಳಿದೆವು.

ಆ ಡಾಕ್ಟರಮ್ಮ ಅಷ್ಟೇನೂ ಮಾತಾಡುವವರಲ್ಲ. ಮಗುವನ್ನು ಪರೀಕ್ಷೆ ಮಾಡಿದರು, ಹಳೆಯ ಚೀಟಿಗಳನ್ನೆಲ್ಲ ಓದಿದರು. ಮೂರು ದಿನ ಮಗು ಎಷ್ಟು ಕುಡಿಯುತ್ತದೆ, ಎಷ್ಟು ಹೊರಗೆ ಹೋಗುತ್ತದೆ ಅಳೆದು ಬರೆದು ತನ್ನಿ ಎಂದರು. ಅಳತೆಯ ಪಾತ್ರೆ ಇದೆಯಾ ಎಂದು ಕೇಳಿದರು. ನಾನು ಎದೆ ಸೆಟೆದು, ಇದೆ ಎಂದೆ.

ಅಳತೆಯ ಪಾತ್ರೆ ಎಂದರೆ ನನಗೆ ಗೊತ್ತಿರುವುದು ಒಂದೇ. ಅಂಚು ಒಡೆದ ಹಳೆಯ ಮಳೆಗಾಜೊಂದು ಕಪಾಟಿನಲ್ಲಿತ್ತು. ಅದನ್ನು ತೊಳೆದು ತಂದಾಗ ಮಗಳು, “ಅಪ್ಪ, ಮಳೆ ಅಳೆಯೋ ಗಾಜಲ್ಲಿ ಇದನ್ನ ಅಳೀತೀರಾ?” ಎಂದಳು. ನೀರು ಎಲ್ಲಿಂದ ಬಂತೆಂದು ಗಾಜು ಕೇಳುವುದಿಲ್ಲ ಎಂದೆ. ಉಳಿದಿದ್ದ ಒಂದು ಹಳೆಯ ಮಳೆ ಪುಸ್ತಕದಲ್ಲೇ ಮೂರು ಕಾಲಂ ಗೆರೆ ಹಾಕಿದೆ. ಒಳಗೆ, ಹೊರಗೆ. ಮೂರನೆಯದು ಬಟ್ಟೆಯದು. ಗಂಟೆಗೊಮ್ಮೆ ಮಗಳು ಬಟ್ಟೆ ನೋಡಿ ತೇವ ಇದೆ ಎಂದರೆ, ಗಾಜಿಗೆ ಸಿಗುವ ಸಂಗತಿಯಲ್ಲವಾದ್ದರಿಂದ, ನಾನು ಪದ್ಧತಿಯಂತೆ ‘ಹನಿ’ ಎಂದು ಬರೆದೆ. ಹೀಗೆ ಮಾರ್ಚ್ ಮೊದಲ ವಾರದ ಮೂರು ದಿನ, ನನ್ನ ಮೊಮ್ಮಗಳ ಒಳಗು ಹೊರಗು ಇಂಚು ಸೆಂಟುಗಳಲ್ಲಿ ದಾಖಲಾಯಿತು.

ಆ ವಾರವೇ ನಮ್ಮ ಕಡೆಯ ಬೆಳೆಗಾರರೆಲ್ಲ ಹೂಮಳೆಗೆ ಆಕಾಶ ನೋಡುತ್ತಿದ್ದರು. ಮಾರ್ಚಿನಲ್ಲಿ ಒಂದಿಂಚು ಬಿದ್ದರೆ ಕಾಫಿ ಗಿಡ ಮೈತುಂಬ ಅರಳುತ್ತದೆ, ಬೀಳದಿದ್ದರೆ ಮನುಷ್ಯರ ಮುಖ ಬಾಡುತ್ತದೆ. ಜಗಲಿಯ ಮೇಲೆ ಬಿಟ್ಟಿದ್ದ ಪುಸ್ತಕವನ್ನು ಮೇಸ್ತ್ರಿ ನೋಡಿದ. ಮೊನ್ನೆಯ ತಾರೀಕಿನ ಮುಂದೆ ನನ್ನ ಕೈಬರಹದಲ್ಲಿ ಒಂದು ಇಂಚು ಅರವತ್ತು ಸೆಂಟು ಎಂದಿತ್ತು. ಅವನು ನನ್ನನ್ನು ಕೇಳದೆ ಸಾಹುಕಾರರಿಗೆ ಫೋನು ಮಾಡಿದ. ಸಾಹುಕಾರರು ಮೂಡಿಗೆರೆಯಲ್ಲಿ ನಾಲ್ಕು ಜನರ ಮುಂದೆ ಹೇಳಿದರು. ಸಂಜೆಯೊಳಗೆ ಗೋಣಿಬೀಡಿನಿಂದ ಮಲ್ಲಂದೂರಿನವರೆಗೆ ನಮ್ಮ ಎಸ್ಟೇಟಿಗೊಂದಕ್ಕೇ ಮಳೆ ಬಿದ್ದ ಸುದ್ದಿ ಹಬ್ಬಿತು. ಸಾಹುಕಾರರೇ ನನಗೆ ಫೋನು ಮಾಡಿ, “ರೈಟ್ರೇ, ಇಂಚು ಅರವತ್ತು ಬಿದ್ದದ್ದು ನನಗೆ ಒಂದು ಮಾತು ಹೇಳ್ಬಾರ್ದಾ?” ಎಂದರು. ಅದು ಯಾರ ಇಂಚು, ಯಾರ ಸೆಂಟು ಎಂದು ವಿವರಿಸಬೇಕಾಯಿತು. ಸಾಹುಕಾರರು ಮಗುವನ್ನು ಚೆನ್ನಾಗಿ ನೋಡಿಕೊಳ್ಳಿ ಎಂದರು, ಇನ್ನು ಮೇಲೆ ಬೇರೆ ಪುಸ್ತಕದಲ್ಲಿ ಬರೆಯಿರಿ ಎಂದೂ ಸೇರಿಸಿದರು.

ಪುಸ್ತಕ ಡಾಕ್ಟರಮ್ಮನ ಮೇಜಿನ ಮೇಲೆ ಬಿಚ್ಚಿಕೊಂಡಾಗ ಅವರು ಒಂದು ಅಂಕಿಯ ಮೇಲೆ ಬೆರಳಿಟ್ಟರು.

“ಎಂತ ಅಜ್ಜ ಇದು, ಸೆಂಟು?”

ಹೇಳಿದೆ. ಗೇಜಿನ ಬಾಯಿ ಐದು ಇಂಚು ಅಗಲ ಎಂದೂ ಹೇಳಿದೆ. ಅವರು ಫೋನಿನಲ್ಲಿ ಗುಣಿಸಿ ಭಾಗಿಸಿ, ಒಂದು ಸೆಂಟಿಗೆ ಮೂರು ಮಿಲಿ ಚಿಲ್ಲರೆ ಎಂದು ಕಂಡುಹಿಡಿದರು. ಮಗು ಕುಡಿಯುವುದು ಇಷ್ಟೇಯಾ ಎಂದು ಒಮ್ಮೆ ತಲೆ ಎತ್ತಿದರು. ನಾನು ಗೋಡೆಯ ಮೇಲಿನ ಚಿತ್ರ ನೋಡಿದೆ. ಆಮೇಲೆ ಅವರ ಬೆರಳು ಮೂರನೆಯ ಕಾಲಮ್ಮಿಗೆ ಬಂತು. ಹನಿ, ಹನಿ, ಹನಿ, ಹನಿ. ಬಚ್ಚಲಿಗೆ ಹೋಗುವ ಮುಂಚೆ ಹನಿ, ಹೋಗಿ ಬಂದ ಮೇಲೂ ಹನಿ, ಹೆಚ್ಚು ಕುಡಿದಾಗ ಹನಿ, ಕಡಿಮೆ ಕುಡಿದಾಗಲೂ ಹನಿ. ಬೆರಳು ಮೂರು ಪುಟ ಹಾಗೇ ಇಳಿಯಿತು.

“ಎಲ್ಲರೂ ಅಳತೆಗೆ ಸಿಕ್ಕಿದ್ದನ್ನು ಮಾತ್ರ ಬರ್ಕೊಂಡು ಬರುವುದು,” ಎಂದರು. “ನನಗೆ ಬೇಕಾದದ್ದು ಇದು.”

ಅವರ ಅನುಮಾನ ಹೀಗಿತ್ತು. ಮಗುವಿನ ಒಂದು ಕಿಡ್ನಿ ಗರ್ಭದಲ್ಲೇ ಎರಡು ಭಾಗವಾಗಿ ಬೆಳೆದಿರಬೇಕು. ಕೆಳಗಿನ ದೊಡ್ಡ ಭಾಗದ ನಳಿಕೆ ನ್ಯಾಯವಾಗಿ ಮೂತ್ರಕೋಶಕ್ಕೆ ಸೇರಿದೆ. ಮೇಲಿನ ಸಣ್ಣ ತುಂಡಿಗೆ ಬೇರೆ ನಳಿಕೆ, ಅದು ಮೂತ್ರಕೋಶವನ್ನು ತಪ್ಪಿಸಿ ಇನ್ನೂ ಕೆಳಗೆಲ್ಲೋ ಬಾಯಿ ತೆರೆದಿದೆ. ಅದಕ್ಕೆ ತಡೆ ಇಲ್ಲ, ಬಾಗಿಲು ಇಲ್ಲ. ಆ ತುಂಡು ಮಾಡಿದ ನೀರೆಲ್ಲ ಹಾಗೇ ಜಿನುಗಿ ಹೊರಗೆ. ಮೆಕ್ಯಾನಿಕ್ ಗೇಟಿನಲ್ಲಿ ನಿಂತು ಹೇಳಿದ್ದನ್ನೇ ಇವರು ಎಂಟು ವರ್ಷ ಹೆಚ್ಚು ಓದಿ ಹೇಳಿದರು. ನಾವು ಏಳು ವರ್ಷ ನಲ್ಲಿಗೆ ಬೈದಿದ್ದೆವು.

ಮಾಮೂಲಿ ಸ್ಕ್ಯಾನಿಂಗಿನಲ್ಲಿ ಇಂಥ ಸಣ್ಣ ತುಂಡು ಕಣ್ಣು ತಪ್ಪಿಸುತ್ತದಂತೆ. ಅದಕ್ಕೆ ಎಂಆರ್‌ಐ ಬೇಕು. ಬರೀ ಚಿತ್ರಕ್ಕಲ್ಲ. ರಕ್ತಕ್ಕೆ ಒಂದು ಔಷಧಿ ಬಿಟ್ಟು, ಕಿಡ್ನಿಯ ಒಂದೊಂದು ಭಾಗವೂ ಅದನ್ನು ಎಷ್ಟು ಬೇಗ ಹೀರುತ್ತದೆ, ಎಷ್ಟು ಬೇಗ ಕೆಳಗೆ ಕಳಿಸುತ್ತದೆ ಎಂದು ಒಂದರ ಮೇಲೊಂದು ಚಿತ್ರ ತೆಗೆದು, ಯಾರು ಎಷ್ಟು ಕೆಲಸ ಮಾಡುತ್ತಾರೆ ಎಂದು ತೂಗುವುದು. ಮೇಲಿನ ತುಂಡು ಕೆಲಸ ಮಾಡುತ್ತಿದ್ದರೆ ಅದರ ನಳಿಕೆಯನ್ನು ಪಕ್ಕದ ನಳಿಕೆಗೆ ಸೇರಿಸಿ ಉಳಿಸುವುದು. ಸುಮ್ಮನೆ ಕೂತಿದ್ದರೆ ಕತ್ತರಿಸಿ ತೆಗೆಯುವುದು. ಕೆಳಗಿನ ಭಾಗವೂ ಕೆಟ್ಟಿದ್ದರೆ ಆಗ ಬೇರೆ ಮಾತು ಎಂದು ನಿಲ್ಲಿಸಿದರು. ಆ ಬೇರೆ ಮಾತು ಏನೆಂದು ನನ್ನ ಮಗಳು ಕೇಳಲಿಲ್ಲ. ಘಾಟಿ ಹತ್ತುವಾಗ ಪೂರ್ತಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಎಂಆರ್‌ಐ ದಿನ ಮಗು ಮುಕ್ಕಾಲು ಗಂಟೆ ಅಲುಗದೆ ಮಲಗಬೇಕು, ಮತ್ತು ಅದಕ್ಕೆ ಮುಂಚೆ ಚೆನ್ನಾಗಿ ನೀರು ಕುಡಿದಿರಬೇಕು. ಮೈಯಲ್ಲಿ ನೀರಿಲ್ಲದಿದ್ದರೆ ಕಿಡ್ನಿಯ ಕೆಲಸ ಸರಿಯಾಗಿ ಕಾಣುವುದಿಲ್ಲ. ಅಲುಗದೆ ಮಲಗುವುದರ ಬಗ್ಗೆ ನಾವೆಲ್ಲ ಚಿಂತೆ ಮಾಡಿದೆವು. ನೀರಿನ ಬಗ್ಗೆ ಯಾರೂ ಯೋಚಿಸಲಿಲ್ಲ. ನೀರು ಕುಡಿಯುವುದು ಎಂಥ ಕಷ್ಟ?

ಆವತ್ತು ಬೆಳಿಗ್ಗೆ ಆಸ್ಪತ್ರೆಯ ನರ್ಸ್ ಒಂದು ಬಾಟಲಿ ಕೊಟ್ಟು, ಒಂದು ಗಂಟೆಯೊಳಗೆ ಮುಗಿಸಬೇಕು ಎಂದು ಹೋದಳು. ಮಗು ಒಂದು ಗುಟುಕು ಕುಡಿದು ಮುಚ್ಚಳ ತಿರುಗಿಸಿದಳು. ಅವಳಮ್ಮ ಬೇಡಿಕೊಂಡಳು, ಗದರಿದಳು. ಮೆಕ್ಯಾನಿಕ್ ಹೊರಗಿನಿಂದ ಎಳನೀರು ತಂದ. ಅದನ್ನೂ ಮುಟ್ಟಲಿಲ್ಲ. ಕೊನೆಗೆ ನನ್ನ ಕಡೆ ನೋಡಿದಳು.

“ಅಜ್ಜ ಬರೆದಿದಾನಲ್ಲ.”

ಅದು ಈಗ ಇಲ್ಲ, ಹೋಯಿತು ಎಂದೆ.

“ಬಾಗಿಲಲ್ಲಿ ಇದೆ. ಸೈನೂ ಇದೆ.”

ಬಾಯಿಮಾತಿನಿಂದ ಲಿಖಿತ ಆದೇಶ ರದ್ದಾಗುವುದಿಲ್ಲ ಎಂಬ ನಿಯಮವನ್ನು ಈ ಮಗುವಿಗೆ ಕಲಿಸಿದವನೂ ನಾನೇ ಇರಬೇಕು. ಜೇಬಿನಲ್ಲಿದ್ದ ಅಪಾಯಿಂಟ್‌ಮೆಂಟ್ ಚೀಟಿಯ ಹಿಂದೆ ಬರೆದೆ. ಈ ಹಿಂದೆ ಹೊರಡಿಸಿದ ನೀರಿನ ಆದೇಶವನ್ನು ಈ ಕೂಡಲೇ ರದ್ದುಪಡಿಸಲಾಗಿದೆ. ಇನ್ನು ಮುಂದೆ ಎಷ್ಟು ಬೇಕಾದರೂ, ಯಾವಾಗ ಬೇಕಾದರೂ ನೀರು ಕುಡಿಯತಕ್ಕದ್ದು. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ತಾರೀಕು ಇಲ್ಲ ಎಂದಳು. ಹಾಕಿದೆ. ಸಹಿಯನ್ನು ಪರೀಕ್ಷಿಸಿದಳು. ಆಮೇಲೆ ಕೊನೆಯ ಷರತ್ತು ಬಂತು, ಅಜ್ಜನೂ ಅಷ್ಟೇ ಕುಡಿಯಬೇಕು.

ಚೀಲದಲ್ಲಿ ಮಳೆಗಾಜು ಇತ್ತು. ಅಂಚು ಒಡೆದದ್ದಲ್ಲ, ಒಳ್ಳೆಯದು, ಡಾಕ್ಟರಮ್ಮ ಮತ್ತೆ ಅಳತೆ ಕೇಳಿಯಾರೆಂದು ತಂದಿದ್ದೆ. ಅವಳಿಗೊಂದು ಗಾಜು, ನನಗೊಂದು ಗಾಜು. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಕೊಡುತ್ತಿದ್ದವಳು ಅವಳೇ. ಹೀಗೆ ಇಬ್ಬರೂ ಒಂದೂವರೆ ಇಂಚು ಮುಗಿಸಿದೆವು. ಅವಳ ಕೆನ್ನೆಗೆ ಬಣ್ಣ ಬಂತು. ನನಗೆ ನನ್ನ ವಯಸ್ಸಿನ ಗಂಡಸರಿಗೆಲ್ಲ ಇರುವ ತೊಂದರೆ ಇದೆ ಎಂಬುದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಒಳಗೆ ಮಗುವಿನ ಜೊತೆ ಒಬ್ಬರು ಇರಬಹುದು ಎಂದರು. ಅವಳು ನನ್ನ ಕೈ ಹಿಡಿದಿದ್ದಳು. ಕನ್ನಡಕ, ವಾಚು, ಉಡುದಾರ, ಬೆಲ್ಟು ಎಲ್ಲ ಕಳಚಿ, ಪಂಚೆ ಉಟ್ಟು ಆ ಬಿಳಿ ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂತೆ. ಅವಳ ಕೈಗೆ ಸೂಜಿ ಹಾಕಿ, ನೀರು ಬೇಗ ಇಳಿಯುವ ಇಂಜೆಕ್ಷನ್ ಕೊಟ್ಟು ಒಳಗೆ ತಳ್ಳಿದರು. ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಪಾದ ಹಿಡಿದುಕೊಳ್ಳಿ, ಅಲುಗಿಸಬೇಡಿ ಎಂದು ಗಾಜಿನ ಆಚೆ ಕೂತ ಹುಡುಗಿ ಮೈಕಿನಲ್ಲಿ ಹೇಳಿದಳು. ಯಂತ್ರ ಶುರುವಾಯಿತು. ಕಲ್ಲು ಸಿಕ್ಕಿಕೊಂಡ ಹಳೆಯ ಪಲ್ಪರಿನ ಸದ್ದು.

ಮಗು ಅಲುಗಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಹೆಬ್ಬೆರಳೂ ಅಲುಗಲಿಲ್ಲ. ಮೈಕಿನ ಹುಡುಗಿ ನಡುವೆ ಒಮ್ಮೆ, ದೊಡ್ಡವರೂ ಇಷ್ಟು ಚೆನ್ನಾಗಿ ಮಲಗುವುದಿಲ್ಲ, ಎಲ್ಲಿ ಕಲಿತದ್ದು ಪುಟ್ಟಿ ಎಂದು ಕೇಳಿದಳು. ಉತ್ತರ ಬರಲಿಲ್ಲ, ಮಾತಾಡಬಾರದೆಂದು ಹೇಳಿದ್ದರಲ್ಲ. ಎಲ್ಲಿ ಕಲಿತದ್ದೆಂದು ನನಗೆ ಆ ಸ್ಟೂಲಿನ ಮೇಲೆ ಗೊತ್ತಾಯಿತು. ಎರಡು ವರ್ಷ, ದಿನಕ್ಕೆ ಆರು ಗಂಟೆ, ಕೊನೆಯ ಬೆಂಚಿನಲ್ಲಿ. ಅಲುಗಿದರೆ ತೇವ ಹರಡುತ್ತದೆ. ಎದ್ದರೆ ಕಾಣುತ್ತದೆ.

ಗೊತ್ತಾದದ್ದು ಜ್ಞಾನದಿಂದಲ್ಲ. ನನ್ನೊಳಗಿನ ಒಂದೂವರೆ ಇಂಚು ಅಷ್ಟು ಹೊತ್ತಿಗೆ ಕೆಳಗೆ ಬಂದಿತ್ತು. ಎದ್ದು ಹೋಗುವಂತಿಲ್ಲ, ಬಾಗಿಲು ತೆಗೆದರೆ ಎಲ್ಲ ಮೊದಲಿನಿಂದ. ಕಾಲು ಮಡಿಸುವಂತಿಲ್ಲ, ಅವಳ ಪಾದ ಕೈಯಲ್ಲಿದೆ. ಹಲ್ಲು ಕಚ್ಚಿದೆ. ಎಸ್ಟೇಟಿನ ಬ್ಲಾಕುಗಳ ಹೆಸರು ಒಂದೊಂದಾಗಿ ಮನಸ್ಸಿನಲ್ಲೇ ಹೇಳಿಕೊಂಡೆ. ಎಲ್ಲ ಬ್ಲಾಕೂ ಮುಗಿದವು, ಯಂತ್ರ ಮುಗಿಯಲಿಲ್ಲ. ಕೊನೆಯ ಐದು ನಿಮಿಷದಲ್ಲಿ, ಗಂಭೀರ ದಾಖಲೆಯ ಭಾಷೆಯಲ್ಲಿ ಹೇಳುವುದಾದರೆ, ನನ್ನ ಕಾಲಮ್ಮಿನಲ್ಲೂ ಹನಿ ಎಂದು ಬರೆಯಬೇಕಾಯಿತು. ಹನಿಗಿಂತ ಸ್ವಲ್ಪ ಹೆಚ್ಚೇ.

ಮಗುವನ್ನು ಹೊರಗೆ ಎಳೆದರು. ನರ್ಸ್ ಬಂದಳು, ಮೈಕಿನ ಹುಡುಗಿ ಬಂದಳು, ಬಾಗಿಲಲ್ಲಿ ನನ್ನ ಮಗಳು. ಎಲ್ಲರೂ ಮಗುವನ್ನು ಹೊಗಳುತ್ತಿದ್ದರು. ನಾನು ಸ್ಟೂಲು ಬಿಟ್ಟು ಏಳಲಿಲ್ಲ. ಏಳಿ ಅಜ್ಜ ಎಂದರು. ಕಾಲು ಜೋಮು ಹಿಡಿದಿದೆ ಎಂದೆ. ಮಗು ನನ್ನ ಮುಖ ನೋಡಿದಳು, ಪಂಚೆ ನೋಡಿದಳು, ಮತ್ತೆ ಮುಖ ನೋಡಿದಳು. ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು.

“ಎಲ್ಲಾರೂ ಹೋಗೋ ತನಕ ಏಳ್ಬೇಡ. ಆಮೇಲೆ ಹಿಂದ್ಗಡೆ ಏನಾದ್ರೂ ಹಿಡ್ಕೊ, ಮೆಲ್ಲಕ್ಕೆ ನಡಿ. ಓಡಿದ್ರೆ ನೋಡ್ತಾರೆ.”

ಎಲ್ಲರೂ ಹೋದ ಮೇಲೆ ಮೇಜಿನ ಮೇಲಿದ್ದ ಹಳೆಯ ರಿಪೋರ್ಟುಗಳ ದೊಡ್ಡ ಕವರನ್ನು ತಂದು ಅವಳೇ ನನ್ನ ಕೈಗೆ ಕೊಟ್ಟಳು. ಅದನ್ನು ಹಿಂದೆ ಹಿಡಿದುಕೊಂಡು ನಾನು ಮೆಲ್ಲಗೆ ನಡೆದೆ. ಅವಳು ನನ್ನ ಹಿಂದೆ ನಡೆದಳು, ಮರೆಯಾಗುವ ಹಾಗೆ. ಬಚ್ಚಲು ಮನೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ನೀರಿನ ನಲ್ಲಿ ಜೋರಾಗಿ ಬಿಟ್ಟಿದ್ದೆ. ಅಷ್ಟು ಸಾಕು.

ಮಧ್ಯಾಹ್ನ ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ತೋರಿಸಿದರು. ಅನುಮಾನ ನಿಜ. ಎಡಗಡೆಯ ಕಿಡ್ನಿಯ ನೆತ್ತಿಯ ಮೇಲೆ ಬಟಾಣಿ ಕಾಳಿನ ಹಾಗೆ ಇನ್ನೊಂದು, ಅದರಿಂದ ಡೊಂಕು ಡೊಂಕಾಗಿ ಇಳಿದ ನಳಿಕೆ, ಮೂತ್ರಕೋಶದ ಪಕ್ಕದಲ್ಲೇ ಹಾದು, ಅದನ್ನು ಮುಟ್ಟದೆ ಕೆಳಗೆ. ಪಕ್ಕದಲ್ಲಿ ಮೂರು ಗೆರೆಗಳ ಚಿತ್ರ. ಬಲಗಡೆಯ ಗೆರೆ ಚೆನ್ನಾಗಿ ಏರಿ ಇಳಿದಿತ್ತು. ಎಡಗಡೆ ಕೆಳಭಾಗದ್ದೂ ಅದರ ಹೆಗಲಿಗೆ ಹೆಗಲು. ಮಗಳು ಆಗ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮೂರನೆಯ ಗೆರೆ ನೆಲಕ್ಕೆ ಹತ್ತಿರ, ತಡವಾಗಿ ಎದ್ದು, ಸೋತು ಸೋತು ನಡೆದಿತ್ತು. ನನಗೆ ಅದರ ಮೇಲೆ ಒಂದು ಬಗೆಯ ಸಹಾನುಭೂತಿ ಹುಟ್ಟಿತು.

“ಕಡಿಮೆ, ಆದ್ರೂ ಕೆಲಸ ಮಾಡ್ತಾ ಉಂಟು,” ಎಂದರು. “ತೆಗೆಯುವುದು ಬೇಡ. ಪೈಪು ಸೇರಿಸುವ.”

ನನಗೆ ಕೇಳಬೇಕಾದದ್ದು ಒಂದಿತ್ತು. ಕೇಳುವ ಮುಂಚೆ ಮಗುವನ್ನು ಮೆಕ್ಯಾನಿಕ್ ಜೊತೆ ಹೊರಗೆ ಕಳಿಸಿದೆ. ನಾನು ನೀರು ನಿಲ್ಲಿಸಿದ್ದರಿಂದ ಆ ತುಂಡು ಹೀಗಾಯಿತೇ ಎಂದು ಕೇಳಿದೆ. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು.

“ಅಲ್ಲ ಅಜ್ಜ. ಅದು ಹುಟ್ಟುವಾಗಲೇ ಹಾಗೆ. ನೀವು ಮಾಡಿದ್ದರಿಂದ ಕೆಟ್ಟದ್ದಲ್ಲ.” ಕನ್ನಡಕ ಹಾಕಿಕೊಂಡು, “ಒಳ್ಳೇದೂ ಆಗ್ಲಿಲ್ಲ,” ಎಂದರು.

ಅಷ್ಟು ನ್ಯಾಯವಾದ ತೀರ್ಪನ್ನು ನಾನು ಬೇರೆಲ್ಲೂ ಕೇಳಿಲ್ಲ.

ಬೇಸಿಗೆ ರಜೆಯಲ್ಲಿ ಆಪರೇಷನ್ ಆಯಿತು. ಒಂಬತ್ತು ದಿನ ಮಂಗಳೂರಿನ ಸೆಕೆಯಲ್ಲಿ ನಾವೂ ಬೆಂದೆವು, ಅಳಿಯ ಲಾರಿ ಬಿಟ್ಟು ಬಂದು ಕೂತ. ಹೂಮಳೆ ಆ ವರ್ಷ ತಡವಾಗಿ, ನಾನಿಲ್ಲದಾಗ ಬಿತ್ತು. ಹೊಸ ರೈಟರು ಅಂದಾಜಿನಲ್ಲಿ ಬರೆದಿಟ್ಟಿದ್ದ. ಮೊದಲಾಗಿದ್ದರೆ ಜಗಳ ಮಾಡುತ್ತಿದ್ದೆ. ಮನೆಗೆ ಬಂದ ಮೇಲೆ ಮಗಳು ಗಂಟೆಗೊಮ್ಮೆ ಬಟ್ಟೆ ನೋಡುವುದನ್ನು ಬಿಡಲಿಲ್ಲ, ನಾನು ಮೂರನೆಯ ಕಾಲಂ ಬರೆಯುವುದನ್ನು ಬಿಡಲಿಲ್ಲ. ನಿಲ್, ನಿಲ್, ನಿಲ್. ಎರಡು ವಾರ ಹಾಗೆ ಬರೆದು, ಒಂದು ದಿನ ಮಗಳು ಬಟ್ಟೆ ನೋಡಲು ಮರೆತಳು. ನಾನೂ ನೆನಪಿಸಲಿಲ್ಲ. ಅಡುಗೆಮನೆ ಬಾಗಿಲ ಹಿಂದಿನ ಹಾಳೆಯನ್ನು ಹೆಂಡತಿ ಯಾವಾಗಲೋ ಕಿತ್ತು ಒಲೆಗೆ ಹಾಕಿದ್ದಳು. ರದ್ದತಿ ಆದೇಶ ಮಾತ್ರ ಮಗುವಿನ ಪೆನ್ಸಿಲ್ ಡಬ್ಬಿಯಲ್ಲಿ ಭದ್ರವಾಗಿದೆ. ಯಾರಾದರೂ ಕೇಳಿದರೆ ಇರಲಿ ಎಂದು.

ಜೂನಿನಲ್ಲಿ ಶಾಲೆ ಶುರುವಾಯಿತು. ಮೊದಲ ದಿನವೇ ಜಡಿಮಳೆ. ಗಂಟೆ ಹೊಡೆದಾಗ ನಾನು ಅಭ್ಯಾಸದಂತೆ ಗೇಟಿನ ಪಕ್ಕದ ಅಂಗಡಿಯ ಮಾಡಿನ ಕೆಳಗೆ ನಿಂತು, ಹೇಗೂ ಅರ್ಧ ಗಂಟೆ ಇದೆ ಎಂದು ಕೊಡೆ ಮಡಿಸಿ ಊರಿಕೊಂಡೆ. ಮಕ್ಕಳ ಗುಂಪು ಕೂಗುತ್ತಾ ಹೊರಗೆ ನುಗ್ಗಿತು. ನಾನು ಖಾಲಿಯಾಗುವ ಬಾಗಿಲನ್ನೇ ನೋಡುತ್ತಿದ್ದೆ. ಯಾರೋ ನನ್ನ ಅಂಗಿಯ ತುದಿ ಎಳೆದರು. ತಿರುಗಿ ನೋಡಿದರೆ ಅವಳು. ಗುಂಪಿನ ನಡುವೆಯೇ ಬಂದಿದ್ದಳು, ಚೀಲ ಬೆನ್ನಿಗೆ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ನನಗೆ ಕಂಡಿರಲಿಲ್ಲ.

ಕೊಡೆ ಬಿಚ್ಚಿ ರಸ್ತೆಗಿಳಿದೆವು. ಮೊದಲಿನ ಹಾಗೆ ಹೊರಗೆ ಓಡುತ್ತಾಳೆಂದು ನಾನು ಕೊಡೆಯನ್ನು ಸುಮ್ಮನೆ ನನ್ನ ತಲೆಯ ಮೇಲೇ ಹಿಡಿದಿದ್ದೆ. ಅವಳು ನನ್ನ ಪಕ್ಕಕ್ಕೆ ಒತ್ತಿಕೊಂಡಳು.

“ಸರಿಯಾಗಿ ಹಿಡಿ ಅಜ್ಜ,” ಎಂದಳು. “ಲಂಗ ಒದ್ದೆ ಆಗ್ತಿದೆ.”

ಹಿಡಿದೆ. ಮನೆ ತಲುಪುವಷ್ಟರಲ್ಲಿ ನನ್ನ ಎಡಗಡೆ ಪೂರ್ತಿ ತೊಯ್ದಿತ್ತು.